ಬಂಡಳ್ಳಿ ತಾತನ ಕಾರು

ಹಳೆಯ ಕಾರು ಕೂಡಿಡುವ ಶ್ರೀಮಂತರೊಬ್ಬರಿಗಾಗಿ ನಾನು ಊರೂರು ಅಲೆಯುತ್ತಿದ್ದ ಕಾಲ. ಫೋಟೊದಲ್ಲಿ ಕಾರಿನ ಮೂತಿ ಕಂಡರೆ ಸಾಕು, ಯಾವ ದೇಶದ್ದು, ಯಾವ ಕಾಲದ್ದು ಎಂದು ಹೇಳಿಬಿಡುತ್ತೇನೆ ಅನ್ನುವ ಜಂಬ ಬೇರೆ. ಹನೂರಿನ ಹತ್ತಿರ ಬಂಡಳ್ಳಿಯಲ್ಲಿ ಒಬ್ಬ ಅಜ್ಜಿ ಗೋಡೆಯಿಂದ ಫೋಟೊ ಇಳಿಸಿ, ಸೆರಗಿನಿಂದ ಗಾಜು ಒರೆಸಿ ನನ್ನ ಕೈಗಿಟ್ಟರು. ಕಾರಿನಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದ ಪೇಟದ ಹುಡುಗ ಅವರ ಗಂಡ.

“ಈ ಪಟ ತೋರ್ಸೇ ನನ್ನ ಮದ್ವೆ ಆದ್ರು ಕಣವ್ವ. ಬಂದು ನೋಡುದ್ರೆ ಕೊಟ್ಟಿಗೇಲಿ ಎತ್ತು ಬುಟ್ರೆ ಏನೂ ಇರ್ನಿಲ್ಲ. ಕಾರು ದಿಟವಾ, ನೀನೇ ಯೋಳು.”

“ಮದ್ವೆಗ್ ಮುಂಚೇನೇ ಮಾರ್ಬುಟ್ಟೆ ಅಂತ ಐವತ್ತು ವರ್ಸದಿಂದ ಯೋಳ್ತಾವ್ನಿ,” ಅಂದರು ಜಗಲಿಯಿಂದ ತಾತ.

“ಇದು ಇಂಗ್ಲೆಂಡಿನದು,” ಎಂದು ಗತ್ತಿನಿಂದ ಶುರು ಮಾಡಿದೆ. ಆದರೆ ದೀಪಗಳು ಅಮೆರಿಕದವು. ಬಾಗಿಲಿಗೆ ಹಿಡಿಯೇ ಇಲ್ಲ. ಕಾರಿನ ಅಡಿಯಿಂದ ತಾತನ ಬರಿಗಾಲು ಇಣುಕುತ್ತಿದೆ. ಫೋಟೊ ಸ್ಟುಡಿಯೊದವರು ಹಲಗೆಗೆ ಬಣ್ಣ ಬಳಿದು ನಿಲ್ಲಿಸಿದ ಕಾರು! ತಲೆ ಎತ್ತಿದರೆ, ತಾತ ಕಣ್ಣಲ್ಲೇ ಕೈಮುಗಿಯುತ್ತಿದ್ದರು.

“ಪ್ರಪಂಚದಲ್ಲಿ ಇಂಥ ಕಾರು ಇದ್ದಿದ್ದು ಒಂದೇ ಅಜ್ಜಿ,” ಅಂದೆ. ಸುಳ್ಳೇನಲ್ಲವಲ್ಲ.

ತಾತ ಮೀಸೆ ತಿರುವಿದರು. “ಕೇಳ್ದಾ ಅಮ್ಮಿ?”

“ಒಂದೇ ಅಂತ ನಂಗೂ ಗೊತ್ತು,” ಎಂದು ಅಜ್ಜಿ ಪಟವನ್ನು ಮತ್ತೆ ಮೊಳೆಗೆ ತಗುಲಿಸಿದರು. “ನಮ್ಮಕ್ಕನ್ ಗಂಡ್ನೂ ಕೊಳ್ಳೇಗಾಲದಲ್ಲಿ ಅದ್ರಲ್ಲೇ ಕುಂತ್ಕಂಡು ಪಟ ತೆಗೆಸ್ಕಂಡಿದ್ದ.”

ದೇಶ ವಿದೇಶ ಸುತ್ತಿ ಎಂತೆಂಥ ಕಾರುಗಳನ್ನೋ ನೋಡಿದ್ದೇನೆ. ಒಂದು ತೊಟ್ಟೂ ಪೆಟ್ರೋಲ್ ಕುಡಿಯದೆ ಎರಡು ಮದುವೆ ಮಾಡಿಸಿದ್ದು ಮಾತ್ರ ಅದೊಂದೇ.