ಹಿಂದೆ ಕಟ್ಟಿದ ಕಾರು

ಇರಾಕ್ ಸೇನೆ ಕುವೈತಿಗೆ ನುಗ್ಗಿದ ಮೇಲೆ ಜೋರ್ಡಾನಿನ ದಾರಿಯಾಗಿ ಊರಿಗೆ ಹೊರಟ ಮೈಸೂರಿನ ಎಂಜಿನಿಯರೊಬ್ಬರು ಕುವೈತ್ ನಗರದ ಶುವೈಖ್‌ನ ನಮ್ಮ ಗ್ಯಾರೇಜಿಗೆ ಬಂದರು. ತುಂಬು ಗರ್ಭಿಣಿ ಹೆಂಡತಿ ಮಲಗಿಕೊಂಡು ಹೋಗಲೆಂದು ಹಾಸಿಗೆಯಿದ್ದ ವ್ಯಾನ್ ತಂದಿದ್ದರು. ತಮ್ಮ ಹೊಸ ಕಾರನ್ನು ಅದರ ಹಿಂದೆ ಕಟ್ಟಿಕೊಡಬೇಕಿತ್ತು.

“ಬೇಗ ಮಾಡಿ, ಜೊತೆಯವರು ಕಾಯ್ತಿದ್ದಾರೆ” ಎಂದರು.

“ಆಟೋಮ್ಯಾಟಿಕ್ ಕಾರು ಸರ್. ಹಾಗೇ ಎಳೆದರೆ ಗೇರ್‌ಬಾಕ್ಸ್ ಸುಟ್ಟುಹೋಗ್ತದೆ. ಚಕ್ರ ತಿರುಗಿಸೋ ಅಡಿಯ ಶಾಫ್ಟ್ ಬಿಚ್ಚಬೇಕು, ಒಂದು ಗಂಟೆ ಆಗ್ತದೆ” ಎಂದೆ.

ಅವರು ಸಿಡುಕಿದರು. “ಬಿಚ್ಚಲಿ ಬಿಡಿ” ಎಂದು ಹೆಂಡತಿ ವ್ಯಾನಿನೊಳಗಿಂದ ಹೇಳಿದರು. ಬಿಚ್ಚಿದ್ದನ್ನು ಮತ್ತೆ ಜೋಡಿಸುವುದು ಹೇಗೆಂದು ಎಂಜಿನಿಯರಿಗೆ ತೋರಿಸಿಕೊಟ್ಟೆ. ಆ ಸ್ಥಿತಿಯಲ್ಲಿದ್ದವರನ್ನು ಕಾಯಿಸಬಾರದಿತ್ತೇನೋ ಎಂದು ಎಷ್ಟೋ ದಿನ ಕೊರಗಿದೆ.

ಮರುವರ್ಷ ಅವರ ಪತ್ರ ಬಂತು. ಜೋರ್ಡಾನಿನಲ್ಲಿ ವ್ಯಾನ್ ಕೆಟ್ಟು ನಿಂತಿತಂತೆ. ಕಾರಿನ ಶಾಫ್ಟನ್ನು ತಾವೇ ಜೋಡಿಸಿ, ಅದರಲ್ಲೇ ಹೆಂಡತಿಯನ್ನು ಆಸ್ಪತ್ರೆಗೆ ಮುಟ್ಟಿಸಿದರಂತೆ. ಹೆಣ್ಣುಮಗು ಹುಟ್ಟಿತ್ತು.