ಆಟಿಯಲ್ಲಿ ಕೊಂಡ ಕೊಡೆ

ಮೊನ್ನೆ ಬೆಳಿಗ್ಗೆ ಪೇಪರು ಬಿಡಿಸುವಾಗ ಒಳಗಿನಿಂದ ಒಂದು ನುಣುಪು ಹಾಳೆ ಜಾರಿ ಕಾಲ ಬುಡಕ್ಕೆ ಬಿತ್ತು. ಮಳೆಗಾಲದ ಪೇಪರಿಗೆ ಒಂದು ವಾಸನೆ ಇರುತ್ತದಲ್ಲ, ಶಾಯಿಯೂ ಒದ್ದೆ ಗೋಣಿಯೂ ಸೇರಿದ ಹಾಗೆ, ಆ ವಾಸನೆಯ ನಡುವೆ ಕೆಂಪು ಅಕ್ಷರದಲ್ಲಿ 'ಆಟಿ ಧಮಾಕಾ, ಎಲ್ಲವೂ ಅರ್ಧ ಬೆಲೆಗೆ' ಎಂದು ಬರೆದಿತ್ತು. ನನಗೆ ನಗುವೂ ಬಂತು, ಸ್ವಲ್ಪ ಸಿಟ್ಟೂ ಬಂತು.

ನೀವು ನಮ್ಮ ಕಡೆಯವರಲ್ಲದಿದ್ದರೆ ಈ ಸಿಟ್ಟು ಅರ್ಥವಾಗಲಿಕ್ಕಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ನಮಗೆ ಆಟಿ ತಿಂಗಳು. ಆಗ ಮದುವೆ ಇಲ್ಲ, ಹೊಸ ಮನೆಯ ಒಕ್ಕಲಿಲ್ಲ, ಹೊಸ ವಸ್ತು ಮನೆಯೊಳಗೆ ಬರುವ ಹಾಗಿಲ್ಲ. ಹತ್ತಿಪ್ಪತ್ತು ವರ್ಷ ಹಿಂದೆ ಬಂಟ್ವಾಳ ಪೇಟೆಯ ಬಟ್ಟೆ ಅಂಗಡಿಯವರು ಆಟಿಯಲ್ಲಿ ಬಾಗಿಲು ಅರ್ಧ ಎಳೆದು, ಒಳಗೆ ಕೂತು ಆಕಳಿಸುತ್ತಿದ್ದರು. ಈಗ ಅದೇ ಪೇಟೆಯಲ್ಲಿ ಆಟಿಗೆ ಕಾಲಿಡಲು ಜಾಗವಿಲ್ಲ. ಬೆಲೆ ಇಳಿದದ್ದೇ ತಡ, ತಿಂಗಳಿಗೆ ಅಂಟಿದ ದೋಷವೂ ಇಳಿದುಬಿಟ್ಟಿದೆ. ಒಂದು ಕಾಲದಲ್ಲಿ ಇದೇ ಆಟಿಯಲ್ಲಿ ನಾನೊಂದು ಕೊಡೆ ಕೊಂಡದ್ದಕ್ಕೆ ಮನೆಯಲ್ಲಿ ಮೂರು ದಿನ ಯಾರೂ ಸರಿಯಾಗಿ ಮಾತಾಡಿರಲಿಲ್ಲ.

ಕೊಡೆ ಮಾರಿದವಳು ಜೊಹರಾ. ಮೂಡುಬಿದಿರೆಯ ಕಾನ್ವೆಂಟಿನಲ್ಲಿ ನಾನೂ ಅವಳೂ ಒಂದೇ ಬೆಂಚು. ತುಳುವೋ ಬ್ಯಾರಿ ಭಾಷೆಯೋ ಬಾಯಿಂದ ಬಿದ್ದರೆ ಸಿಸ್ಟರ್ ದಂಡ ಹಾಕುತ್ತಿದ್ದುದರಿಂದ ನಾವಿಬ್ಬರೂ ಪುಸ್ತಕದ ಕನ್ನಡದಲ್ಲೇ ಜಗಳವಾಡಿ, ಪುಸ್ತಕದ ಕನ್ನಡದಲ್ಲೇ ರಾಜಿಯಾದವರು. ಅವಳ ಕೇರಿಯ ಹೆಂಗಸರ ಗಂಡಂದಿರೆಲ್ಲ ದುಬೈಗೆ ಹೋದರೆ ಇವಳ ಗಂಡ ಜಪಾನಿನ ಕೋಬೆ ಎಂಬ ಊರಿಗೆ, ಬಟ್ಟೆ ವ್ಯಾಪಾರಿಯೊಬ್ಬರ ಕೈಕೆಳಗೆ ಕೆಲಸಕ್ಕೆ ಹೋದ. ಇವಳೂ ಮೂರು ವರ್ಷ ಅಲ್ಲಿದ್ದು ಬಂದು, ತೊಂಬತ್ತರ ದಶಕದ ಕೊನೆಗೆ ಬಂಟ್ವಾಳದಲ್ಲಿ ಒಂದು ಫ್ಯಾನ್ಸಿ ಅಂಗಡಿ ತೆರೆದಳು.

ಅಂಗಡಿಗಿಂತ ನನಗೆ ಅವಳ ಕೋಬೆಯ ಕಥೆಗಳೇ ರುಚಿ. ಅಲ್ಲಿ ಹೊಸ ವರ್ಷದ ಮೊದಲ ದಿನಗಳಲ್ಲಿ ಅಂಗಡಿಯವರು ಬಾಯಿ ಮುಚ್ಚಿದ ಚೀಲ ಮಾರುತ್ತಾರಂತೆ, ಒಳಗೆ ಏನಿದೆ ಎಂದು ಹೇಳುವುದಿಲ್ಲ, ಜನ ಚಳಿಯಲ್ಲಿ ಸಾಲು ನಿಂತು ಕೊಳ್ಳುತ್ತಾರಂತೆ. "ನಮ್ಮವರು ಆಗಿದ್ರೆ ಚೀಲ ಬಿಚ್ಚಿ, ಮೂಸಿ, ಒಂದನ್ನು ಬದಲಿಸಿ ಕೊಡಿ ಅಂತ ಹೇಳ್ತಿದ್ರು" ಎಂದು ಅವಳೇ ನಗುತ್ತಿದ್ದಳು. ಬೆವರು ಸುರಿಯುವ ಆಗಸ್ಟಿನಲ್ಲೇ ಗಾಜಿನ ಕಪಾಟಿನೊಳಗೆ ಕೆಂಪೆಲೆ, ಉಣ್ಣೆಯ ಅಂಗಿ ಬಂದು ಕೂರುತ್ತವಂತೆ. ಅಲ್ಲಿ ಋತುವಿಗೆ ಮೊದಲೇ ಅಂಗಡಿಗೆ ಋತು ಬರುತ್ತದೆ ಎಂದು ಹೇಳಿದಳು. ನಾನು ಬಾಯಿ ತೆರೆದು ಕೇಳುತ್ತಿದ್ದೆ. ಧರ್ಮಸ್ಥಳಕ್ಕೆ ಹೋಗಬೇಕಾದರೂ ವಾರ ಮೊದಲೇ ಅತ್ತೆಯ ಮುಖ ನೋಡಿ ಕೇಳಬೇಕಾದವಳಿಗೆ ಕೋಬೆ ಅಂದರೆ ಕಡಿಮೆಯೇ?

ಆದರೆ ನನ್ನ ತಲೆಯಲ್ಲಿ ನಿಂತದ್ದು ಇನ್ನೊಂದು ಸಂಗತಿ. ಸರಿಯಾಗಿ ನಮ್ಮ ಆಟಿಯ ಹೊತ್ತಿಗೆ ಅಲ್ಲಿ ಉಡುಗೊರೆಯ ಕಾಲವಂತೆ. ವರ್ಷದಲ್ಲಿ ತಮಗೆ ಉಪಕಾರ ಮಾಡಿದವರನ್ನು ನೆನೆದು, ಡಾಕ್ಟರಿಗೆ, ಮೇಷ್ಟ್ರಿಗೆ, ಮದುವೆ ಕುದುರಿಸಿದವರಿಗೆ, ಸೋಪೋ ಎಣ್ಣೆಯೋ ಟವೆಲೋ ಕಳುಹಿಸುತ್ತಾರೆ. ಹೆಂಗಸರು ಅಂಗಡಿಯಲ್ಲಿ ಕೂತು ಚೀಟಿ ತುಂಬುತ್ತಾರೆ, ಅಂಗಡಿಯವರೇ ಕಾಗದ ಸುತ್ತಿ ಮನೆ ಮುಟ್ಟಿಸುತ್ತಾರೆ.

"ಹೆಂಗಸರು ಕಳಿಸುದಾ? ಅವರ ಹೆಸರಿನಲ್ಲಿ?" ಎಂದು ಕೇಳಿದೆ.

"ಪಟ್ಟಿ ಮಾಡುದು, ಆರಿಸುದು ಎಲ್ಲ ಹೆಂಗಸರೇ ಮಾರಾಯ್ತಿ. ಹೆಸರು ಹೆಚ್ಚಾಗಿ ಗಂಡಂದು. ನಿನಗೆ ಬೇಕಾದ್ರೆ ನಿನ್ನದೇ ಬರಿ, ನಾನು ಬೇಡ ಹೇಳ್ತೇನಾ?"

ನನ್ನ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು. ಎರಡನೆಯ ಹೆರಿಗೆಯ ಹೊತ್ತಿಗೆ ನನ್ನ ತಾಯಿ ತೀರಿಕೊಂಡಿದ್ದರು, ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಅದೂ ಆಟಿಯಲ್ಲಿ. ಆ ಮಳೆಗೆ, ಆ ತಿಂಗಳಿಗೆ ಯಾರೂ ಬಾಣಂತಿ ಮೀಯಿಸಲು ಬರಲೊಪ್ಪಲಿಲ್ಲ. ಬೆಳ್ತಂಗಡಿಯ ಕಮಲಕ್ಕ ಬಂದಳು. ನಲವತ್ತು ದಿನ ತನ್ನ ಮನೆ ಬಿಟ್ಟು ನಮ್ಮಲ್ಲಿ ನಿಂತು, ಒದ್ದೆ ಸೌದೆ ಊದಿ ನೀರು ಕಾಯಿಸಿ, ನನ್ನ ಸೊಂಟಕ್ಕೆ ಎಣ್ಣೆ ತಿಕ್ಕಿ, ಕೂಸನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದಳು. ನನಗೆ ಜ್ವರ ಏರಿದಾಗ ಅವಳ ಅಂಗೈ ನನ್ನ ಹಣೆಯ ಮೇಲಿಂದ ಏಳಲೇ ಇಲ್ಲ. ಹೋಗುವಾಗ ಅತ್ತೆ ಅವಳಿಗೆ ಕೊಡುವುದನ್ನು ಕೊಟ್ಟರು, ಆಮೇಲೆ ಪ್ರತಿ ವರ್ಷ ಹಬ್ಬಕ್ಕೆ ಕೆಲಸದವರಿಗೆಲ್ಲ ಕೊಡುವ ಸೀರೆಯಲ್ಲಿ ಒಂದು ಅವಳಿಗೂ ಹೋಗುತ್ತಿತ್ತು. ಅತ್ತೆ ಕಂಜೂಸು ಅಲ್ಲ, ಸುಳ್ಳು ಹೇಳಬಾರದು. ಆದರೆ ಅದು ಮನೆ ಕೊಟ್ಟದ್ದು. ನಾನು ಏನನ್ನೂ ಕೊಟ್ಟಿರಲಿಲ್ಲ. ಎಂಟು ವರ್ಷವಾದರೂ ಕೊಟ್ಟಿರಲಿಲ್ಲ.

ಕಸೂತಿ ಹಾಕಿ ಸಂಪಾದಿಸಿದ ದುಡ್ಡಿನಲ್ಲಿ ಒಂದು ಮಡಚುವ ಕೊಡೆ, ಒಂದು ಟವೆಲು, ಎರಡು ಸೋಪು ಆರಿಸಿದೆ. ಜೊಹರಾ ಕಾಗದವನ್ನು ಓರೆಯಾಗಿ ಹಾಸಿ, ಪೊಟ್ಟಣವನ್ನು ಎರಡು ಸಲ ಹೊರಳಿಸಿ, ಒಂದೇ ಒಂದು ಅಂಟುಪಟ್ಟಿಯಲ್ಲಿ ಮುಗಿಸಿದಳು. ಅದಕ್ಕೆ ಮೊದಲು ನಾನು ಸುತ್ತಲು ಹೋಗಿ ಅದು ಹಲಸಿನಕಾಯಿಯ ಹಾಗಾಗಿತ್ತು. ಚೀಟಿಯಲ್ಲಿ ನನ್ನ ಹೆಸರು ಬರೆದೆ. ಇಂಥವರ ಹೆಂಡತಿ, ಇಂಥ ಮನೆ ಎಂದು ಬರೆಯಲಿಲ್ಲ. ಬೆಳ್ತಂಗಡಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಮನೆಗೆ ಬಂದೆ. ದಾರಿಯಿಡೀ ನನ್ನ ಕಾಲು ನೆಲಕ್ಕೆ ತಾಗಿದ್ದು ನೆನಪಿಲ್ಲ.

ಮರುದಿನ ಅದೇ ಬಸ್ಸಿನಲ್ಲಿ ಪೊಟ್ಟಣ ವಾಪಸು ಬಂತು. ಬಿಚ್ಚಿರಲಿಲ್ಲ. ಕಂಡಕ್ಟರು ಅದನ್ನು ಅತ್ತೆಯ ಕೈಯಲ್ಲೇ ಕೊಟ್ಟು ಹೇಳಿದ, "ಕಮಲಕ್ಕ ತೆಗೊಳ್ಳುದಿಲ್ಲ ಅಂತೆ. ಆ ಮನೆಯ ಮಾರಿಯನ್ನು ನನ್ನ ತಲೆಗೆ ಕಟ್ಟುದು ಬೇಡ ಹೇಳಿದ್ರು."

ಆಗ ನನಗೆ ಹೊಳೆಯಿತು. ಆಟಿಯಲ್ಲಿ ವೇಷ ಹಾಕಿದ ಕಳೆಂಜ ಮನೆ ಮನೆಗೆ ಬಂದು, ಅಕ್ಕಿ ಅರಸಿನ ಪಡೆದು, ಮನೆಯ ಕೆಡುಕನ್ನೆಲ್ಲ ಹೊತ್ತುಕೊಂಡು ಹೋಗುತ್ತಾನೆ. ಆ ತಿಂಗಳು ಮನೆಯಿಂದ ಹೊರಗೆ ಕೊಟ್ಟದ್ದೆಂದರೆ ಅದು ಕೆಡುಕೇ. ಕೋಬೆಯ ಚಂದಕ್ಕೆ ಮರುಳಾಗಿ ಹುಟ್ಟಿದಾರಭ್ಯ ಕಂಡದ್ದನ್ನೇ ಮರೆತಿದ್ದೆ. ಕಮಲಕ್ಕನ ಕಣ್ಣಿಗೆ ನನ್ನ ಕೃತಜ್ಞತೆ ಹೂವಿನ ಕಾಗದ ಸುತ್ತಿದ ರೋಗವಾಗಿ ಕಂಡಿತ್ತು.

ಅತ್ತೆ ಪೊಟ್ಟಣವನ್ನು ಜಗಲಿಯ ಮೂಲೆಯಲ್ಲಿಟ್ಟರು, ಒಳಗೆ ತರಲಿಲ್ಲ. "ಆಟಿ ಮುಗಿದು ಸೋಣ ತಿಂಗಳು ಬರ್ಲಿಕ್ಕೆ ಇನ್ನು ಎಷ್ಟು ದಿನ ಉಂಟು? ಅಲ್ಲಿವರೆಗೆ ಕಾಯ್ಲಿಕ್ಕೆ ಆಗ್ಲಿಲ್ವಾ ನಿನಗೆ? ಸೀರೆಯ ಒಟ್ಟಿಗೆ ನಾನೇ ಕೊಡ್ತಿದ್ದೆ."

"ಅದಕ್ಕೇ ಕಾಯ್ಲಿಲ್ಲ" ಎಂದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. ಅತ್ತೆ ಒಳಗೆ ಹೋದರು. ಗಂಡ ಪೇಪರಿನ ಹಿಂದಿನಿಂದ ಹೊರಗೆ ಬರಲಿಲ್ಲ.

ನಾನು ಅತ್ತುಕೊಂಡೇ ಜೊಹರಾಳ ಅಂಗಡಿಗೆ ಹೋದೆ. ಅವಳು ಸಮಾಧಾನ ಹೇಳುವ ಜಾತಿಯವಳಲ್ಲ. "ಅಲ್ಲಿಯಾದ್ರೆ ಅಂಗಡಿಯವರು ಮುಟ್ಟಿಸ್ತಾರೆ. ಇಲ್ಲಿ ನೀನೇ ಹೋಗು. ಕಂಡಕ್ಟರನ ಕೈಯಲ್ಲಿ ಉಪಕಾರ ಕಳಿಸ್ತಾರಾ ಯಾರಾದ್ರೂ?" ಎಂದು ಬೈದಳು. ಆಮೇಲೆ ಸ್ವಲ್ಪ ಮೆತ್ತಗೆ, "ಮತ್ತೆ, ಅಲ್ಲಿ ತೆಗೊಂಡವರು ಏನಾದ್ರೂ ತಿರುಗಿ ಕಳಿಸ್ತಾರೆ. ಒಂದೇ ದಾರಿಯಲ್ಲ ಅದು" ಎಂದಳು.

ಮರುದಿನ ಬೆಳಗಿನ ತಿಂಡಿ ಮುಗಿಸಿ, ಪಾತ್ರೆ ತೊಳೆದು, ಬೆಳ್ತಂಗಡಿಗೆ ಹೋಗಿ ಬರುತ್ತೇನೆ ಎಂದೆ. ಹೋಗಲಾ ಎಂದು ಕೇಳಲಿಲ್ಲ. ಮದುವೆಯಾದ ಮೇಲೆ ಅದು ಮೊದಲನೆಯ ಸಲ.

ಕಮಲಕ್ಕ ಮುರಿದ ಹಿಡಿಯ ಕೊಡೆಯನ್ನು ಹಗ್ಗದಿಂದ ಕಟ್ಟುತ್ತಾ ಕೂತಿದ್ದಳು. ನನ್ನನ್ನೂ ಕೈಯ ಪೊಟ್ಟಣವನ್ನೂ ನೋಡಿ ಎದ್ದು ನಿಂತಳು.

"ಅಮ್ಮಾ, ಬಡವರನ್ನು ಹೀಗೆ ಮಾಡ್ಬಾರ್ದು. ಮನೆಯಲ್ಲಿ ಯಾರಿಗೆ ಹುಷಾರಿಲ್ಲ? ಜೋಯಿಸರು ಕೊಡ್ಲಿಕ್ಕೆ ಹೇಳಿದ್ದಾ?"

"ಯಾವ ಜೋಯಿಸರೂ ಹೇಳ್ಲಿಲ್ಲ. ನೀನು ನನ್ನನ್ನು ಮೀಯಿಸಿದ್ದು ಯಾವ ತಿಂಗಳು?"

"ಆಟಿ."

"ಆಗ ನಮ್ಮ ಮನೆಯ ಮಾರಿ ನಿನಗೆ ಅಂಟ್ಲಿಲ್ವಾ? ನನ್ನ ಜ್ವರ, ನನ್ನ ರಕ್ತ ಎಲ್ಲ ನೀನು ಮುಟ್ಟಿದ್ದಿ. ಈಗ ಒಂದು ಕೊಡೆಗೆ ಹೆದರ್ತಿಯಾ?"

ಅವಳು ಸೆರಗಿನ ತುದಿ ಹಿಂಡುತ್ತಾ ನಿಂತಳು. ಮಳೆ ಮಾಡಿನ ಹಂಚಿಗೆ ಬಡಿಯುತ್ತಲೇ ಇತ್ತು.

"ಸರಿ, ಹಾಗಾದ್ರೆ ನಿನ್ನ ಮನೆಯದ್ದು ಏನಾದ್ರೂ ನನಗೆ ಕೊಡು. ನಿನ್ನ ಮಾರಿ ನನಗಿರಲಿ, ನನ್ನದು ನಿನಗೆ. ಲೆಕ್ಕ ಚುಕ್ತಾ."

ಕಮಲಕ್ಕ ನಕ್ಕಳು. "ನಿಮಗೆ ಹುಚ್ಚು ಹಿಡಿದಿದೆ ಅಮ್ಮಾ" ಎಂದು ಒಳಗೆ ಹೋಗಿ, ಉಪ್ಪು ಹಾಕಿ ಬೇಯಿಸಿದ ಹಲಸಿನ ಬೀಜವನ್ನು ಅಲ್ಯುಮಿನಿಯಂ ತಟ್ಟೆಯಲ್ಲಿ ತಂದಳು. ನಾನು ಅಲ್ಲೇ ನೆಲದ ಮೇಲೆ ಕೂತು ತಿಂದೆ. ನಾನು ಮೂರು ಬೀಜ ತಿಂದು ನೀರು ಕುಡಿಯುವವರೆಗೂ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದು, ಆಮೇಲೆ ಪೊಟ್ಟಣಕ್ಕೆ ಕೈ ಚಾಚಿದಳು. ಕಾಗದ ಹರಿಯದ ಹಾಗೆ ಬಿಡಿಸಿ, ಮಡಚಿ, ದಿಂಬಿನ ಅಡಿಗೆ ಇಟ್ಟಳು. ಹಳೆಯ ಕೊಡೆ ಮನೆಯಲ್ಲೇ ಉಳಿಯಿತು. ಬಸ್ ಸ್ಟ್ಯಾಂಡಿನವರೆಗೆ ಹೊಸ ಕೊಡೆಯ ಅಡಿಯಲ್ಲಿ ಇಬ್ಬರೂ ನಡೆದೆವು, ಅವಳ ಎಡ ಹೆಗಲೂ ನನ್ನ ಬಲ ಹೆಗಲೂ ಪೂರ್ತಿ ಒದ್ದೆ.

ಮನೆಯಲ್ಲಿ ಮೂರು ದಿನದ ಮೌನದ ಸಂಗತಿ ಆಗಲೇ ಹೇಳಿದ್ದೇನೆ. ನಾಲ್ಕನೆಯ ದಿನ ಅತ್ತೆ ಸಾರಿಗೆ ಒಗ್ಗರಣೆ ಹಾಕುತ್ತಾ, ನನ್ನತ್ತ ನೋಡದೆ, "ತೆಗೊಂಡ್ಳಾ?" ಎಂದರು. "ತೆಗೊಂಡ್ಳು" ಎಂದೆ. ಸಾಸಿವೆ ಸಿಡಿಯಿತು. ಅಷ್ಟೇ.

ಆಮೇಲೆ ಪ್ರತಿ ಆಟಿಯಲ್ಲೂ ಹೋಗಿದ್ದೇನೆ. ನೆರೆ ಬಂದ ವರ್ಷ ಅರ್ಧ ದಾರಿಯಿಂದ ಹಿಂದೆ ಬಂದು, ವಾರ ಬಿಟ್ಟು ಪುನಃ ಹೋಗಿದ್ದೇನೆ. ಜೊಹರಾ ಮೊಮ್ಮಕ್ಕಳ ಹಿಂದೆ ಊರು ಬಿಟ್ಟಿದ್ದಾಳೆ, ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಆಗುತ್ತದೆ. ಪೇಟೆಯವರು ಆಟಿಯನ್ನು ಮಾರಾಟಕ್ಕಿಟ್ಟಿದ್ದಾರೆಂದು ಮೊನ್ನೆ ಸಿಟ್ಟು ಬಂದಾಗ, ನನ್ನದೇನೋ ಕದ್ದರೆಂದು ಅನಿಸಿತ್ತು. ಬರೆಯುತ್ತಾ ಬರೆಯುತ್ತಾ ಆ ಸಿಟ್ಟು ಇಳಿಯಿತು. ಅವರಿಗೆ ಸಿಕ್ಕಿದ್ದು ಆಟಿಯ ರಿಯಾಯಿತಿ ಮಾತ್ರ, ನನ್ನ ಆಟಿ ನನ್ನ ಹತ್ತಿರವೇ ಇದೆ.

ಇವತ್ತು ಪೇಟೆಗೆ ಹೋದೆ. ಕಮಲಕ್ಕನ ಕಾಲು ಈಗ ಚಳಿಗೆ ಸೆಳೆಯುತ್ತದೆ, ಒಂದು ಉಣ್ಣೆಯ ಹೊದಿಕೆ ಬೇಕಿತ್ತು. ಕೌಂಟರಿನ ಹುಡುಗಿ ಒಳ್ಳೆಯವಳು. "ಆಂಟಿ, ಈ ರಾಶಿಯಿಂದ ತೆಗೊಳ್ಳಿ, ಅರ್ಧಕ್ಕೆ ಆಗ್ತದೆ" ಎಂದಳು. ನಾನು ಆ ರಾಶಿ ದಾಟಿ ಆಚೆಯ ಕಪಾಟಿನಿಂದ ಒಂದನ್ನು ಇಳಿಸಿಕೊಂಡೆ.

"ಅದಕ್ಕೆ ಆಫರ್ ಇಲ್ಲ ಆಂಟಿ, ಪೂರ್ತಿ ಬೆಲೆ."

"ಪೂರ್ತಿಯೇ ಹಾಕು ಮಗಾ" ಎಂದೆ, "ಇದನ್ನು ಹೊದೆಯುವವಳು ನನ್ನ ಬಾಣಂತನ ಅರ್ಧ ಮಾಡಿದವಳಲ್ಲ."