ಹೆಬ್ಬೆರಳು ಒತ್ತಿದ ಗುಂಡಿ

ಇಂಥ ಸಂಗತಿ ಯಾರಾದರೂ ಹೇಳಿದರೆ ನಾನು ಮೊದಲು ಅವರ ನಿದ್ದೆ, ಆಮೇಲೆ ಬಿ.ಪಿ. ವಿಚಾರಿಸುತ್ತಿದ್ದವಳು. ಈಗ ನೀವು ನನ್ನದನ್ನು ವಿಚಾರಿಸಿದರೆ ಬೇಸರವಿಲ್ಲ.

ನನಗೆ ಡಾಕ್ಟರಿಕೆ ಕಲಿಸಿದ ಮೇಷ್ಟ್ರು ಕಿಡ್ನಿ ತಜ್ಞರು. ದೊಡ್ಡ ಆಸ್ಪತ್ರೆಗಳು ಕರೆದರೂ ಹೋಗದೆ, ಸರ್ಕಾರದ ಕಿಡ್ನಿ ಸಂಶೋಧನಾ ಯೋಜನೆಯ ಮುಖ್ಯಸ್ಥರಾಗಿ ಗಂಡಸಿ, ಜಾವಗಲ್ ಎಂದು ಹಳ್ಳಿ ಸುತ್ತಿ ತಪಾಸಣಾ ಶಿಬಿರ ನಡೆಸುತ್ತಲೇ ಆಯುಷ್ಯ ಕಳೆದರು. ರೋಗಿಯ ಜೊತೆಗೆ ಬಂದವರ ಕಾಲನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುವುದು ಅವರ ಪದ್ಧತಿ. ಕಿಡ್ನಿ ತೊಂದರೆಯಿಂದ ಬಾವು ಇದ್ದರೆ ಗುಂಡಿ ಬಿದ್ದು, ಸ್ವಲ್ಪ ಹೊತ್ತಿಗೆ ತುಂಬಿಕೊಳ್ಳುತ್ತದೆ. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಅವರು ಅರಸೀಕೆರೆಯ ಮನೆಯಲ್ಲಿ ಹಾಸಿಗೆ ಹಿಡಿದರು. ಶಿಬಿರಗಳು ನನ್ನ ಪಾಲಿಗೆ ಬಂದವು.

ಅವತ್ತು ಹಳೇಬೀಡಿನಲ್ಲಿ ಶಿಬಿರ. ಮಟಮಟ ಮಧ್ಯಾಹ್ನ. ಅತ್ತೆಯನ್ನು ಕರೆತಂದಿದ್ದ ಸೊಸೆಯೊಬ್ಬಳು, ಅತ್ತೆಗೇನೂ ತೊಂದರೆಯಿಲ್ಲ ಎಂದು ನಾನು ಹೇಳಿದ ಮೇಲೂ ಏಳಲಿಲ್ಲ.

"ನಂದೇನೂ ಹೇಳ್ಲೇ ಇಲ್ವಲ್ಲ ಮೇಡಂ. ಆ ವಯಸ್ಸಾದ ಡಾಕ್ಟ್ರು ಈಗ್ತಾನೆ ಕಾಲು ಅದುಮಿ, ಮೇಡಮ್ಮೋರಿಗೆ ತೋರಿಸ್ಕೊಂಡೇ ಹೋಗು ಅಂದವ್ರೆ."

ಶಿಬಿರದಲ್ಲಿ ನಾನು, ನರ್ಸ್ ಬಿಟ್ಟರೆ ಬೇರೆ ಡಾಕ್ಟರಾಗಲಿ ಸಿಬ್ಬಂದಿಯಾಗಲಿ ಇರಲಿಲ್ಲ. ನಗು ಬಂತು. ಅವಳು ಸೀರೆಯ ಅಂಚು ಎತ್ತಿದಳು. ಕಣಕಾಲಿನ ಮೇಲೆ ಹೆಬ್ಬೆರಳಗಲದ ಗುಂಡಿ. ನಾನು ನೋಡನೋಡುತ್ತಲೇ ಅದು ಮೆಲ್ಲಗೆ ತುಂಬಿಕೊಂಡಿತು. ಯಾರೋ ಆಗಷ್ಟೇ ಒತ್ತಿದ್ದರು.

ಮೂತ್ರ ಪರೀಕ್ಷೆ ಮಾಡಿದರೆ ಪ್ರೋಟೀನ್ ವಿಪರೀತ. ಹಾಗೇ ಮನೆಗೆ ಹೋಗಿದ್ದರೆ ಅವಳ ಕಿಡ್ನಿ ಉಳಿಯುತ್ತಿರಲಿಲ್ಲ. ಆಗಲೇ ಹಾಸನಕ್ಕೆ ಕಳಿಸಿದೆ.

ಸಂಜೆ ಅರಸೀಕೆರೆಗೆ ಹೋದೆ. ಈ ಕತೆ ಹೇಳಿದರೆ ಮೇಷ್ಟ್ರು ಬೈಯುತ್ತಾರೆಂದು ಸುಮ್ಮನಿರಲು ತೀರ್ಮಾನಿಸಿದ್ದೆ. ಕುರ್ಚಿ ಎಳೆದುಕೊಳ್ಳುವ ಮೊದಲೇ ಅವರು ತೊದಲುತ್ತಾ ಕೇಳಿದರು:

"ಆ ಸೊಸೆ ಹುಡುಗೀನ ಹಾಸನಕ್ಕೆ ಕಳಿಸಿದೆಯೇನಮ್ಮ? ಗುಂಡಿ ಆಳ ಇತ್ತು."

ಯಾರಾದರೂ ಫೋನ್ ಮಾಡಿದ್ದರೇ ಎಂದು ಅವರ ಹೆಂಡತಿಯನ್ನು ಕೇಳಿದೆ. ಇಲ್ಲ ಎಂದರು. ಮಧ್ಯಾಹ್ನ ಮಾತ್ರ ಅವರ ಆ ಬಲಗೈ ಹೆಬ್ಬೆರಳು ಹಾಸಿಗೆಯನ್ನು ಒತ್ತುತ್ತಿತ್ತಂತೆ. ಕೈ ಬಂತು ಎಂದು ಆಕೆ ಖುಷಿಯಿಂದ ಹತ್ತಿರ ಓಡುವಷ್ಟರಲ್ಲಿ ನಿಂತುಹೋಯಿತಂತೆ.

ತೀರಿಕೊಳ್ಳುವವರೆಗೂ ಆ ಕೈ ಮತ್ತೆ ಅಲುಗಲಿಲ್ಲ. ಆ ದಿನದ ಬಗ್ಗೆ ನಾನು ಕೆದಕಿದಾಗಲೆಲ್ಲ ಅವರು ಬೇರೆ ರೋಗಿಗಳ ಮಾತು ತೆಗೆಯುತ್ತಿದ್ದರು. ಅದು ಹೇಗಾಯಿತೆಂದು ನನಗೆ ಇನ್ನೂ ಹೊಳೆದಿಲ್ಲ. ಆ ಹೆಣ್ಣುಮಗಳು ಈಗ ಚೆನ್ನಾಗಿದ್ದಾಳೆ. ಸಿಕ್ಕಾಗಲೆಲ್ಲ ಆ ಡಾಕ್ಟ್ರು ಹೇಗಿದ್ದಾರೆ ಎಂದು ಕೇಳುತ್ತಾಳೆ. ನನ್ನ ಫೋನಿನಲ್ಲಿ ಮೇಷ್ಟ್ರ ಫೋಟೊ ಇದೆ. ಅವಳಿಗೆ ತೋರಿಸುವ ಧೈರ್ಯ ಇವತ್ತಿಗೂ ಬಂದಿಲ್ಲ.